ಮಗಳ ತೋಳಿನ ಹೆಪ್ಪು

ಮನೆಯಲ್ಲಿ ಸಿಡುಬು ಬಂದರೆ ಒಗ್ಗರಣೆ ಹಾಕುವಂತಿರಲಿಲ್ಲ. ಸಾಸಿವೆ ಸಿಡಿಯುವ ಸದ್ದಿಗೆ ಅಮ್ಮನಿಗೆ ಸಿಟ್ಟು ಬರುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ತಲೆ ಬಾಚುವಂತಿಲ್ಲ, ಕೆರ ಮೆಟ್ಟಿ ಒಳಗೆ ಬರುವಂತಿಲ್ಲ, ಬೇಡಲು ಬಂದವರಿಗೂ ಹೊಸ್ತಿಲು ದಾಟಿಸಿ ಏನೂ ಕೊಡುವಂತಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು, ಕೂಸಿನ ಹಾಸಿಗೆ ಸುತ್ತ ಬೇವಿನ ಸೊಪ್ಪು. ರೋಗ ಎನ್ನುವ ಮಾತು ಬಾಯಲ್ಲಿ ಬರಬಾರದು. ಅಮ್ಮ ಬಂದಿದ್ದಾಳೆ, ಇರುವಷ್ಟು ದಿನ ಇದ್ದು ಹೋಗುತ್ತಾಳೆ, ಅಷ್ಟೇ.

ನನ್ನ ಮೊದಲ ಮಗನಿಗೆ ಬಂದಾಗ ಇದೆಲ್ಲ ಮಾಡಿದೆವು. ಒಂದೂ ತಪ್ಪಿಸಲಿಲ್ಲ. ಅಮ್ಮ ಹೋಗುವಾಗ ಅವನನ್ನೂ ಕರೆದುಕೊಂಡು ಹೋದಳು. ಅಳುವಷ್ಟು ಅತ್ತು, ಆಮೇಲೆ ಎದ್ದು ರೊಟ್ಟಿ ಬಡಿದೆ. ಮನೆಯಲ್ಲಿ ಉಣ್ಣುವವರಿದ್ದರು.

ನಾನು ಹೇಳುತ್ತಿರುವುದು ಅದಾದ ಮೇಲಿನ ಮಾತು. ದೊಡ್ಡ ಬರ ಕಳೆದು ಸುಮಾರು ವರ್ಷಗಳಾಗಿದ್ದವು, ವಿಲಾಯಿತಿಯ ರಾಣಿ ಇನ್ನೂ ಬದುಕಿದ್ದಳು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಮ್ಮವರದು ಹಗ್ಗ ಮತ್ತು ಗೋಣಿಚೀಲದ ಅಂಗಡಿ, ಹಿಂದುಗಡೆಯೇ ಮನೆ. ನನಗೆ ಆಗ ಎರಡು ವರ್ಷದ ಮಗಳಿದ್ದಳು. ನನ್ನ ತಂಗಿಯನ್ನು ಸಿರುಗುಪ್ಪಕ್ಕೆ ಕೊಟ್ಟಿತ್ತು. ಅವಳಿಗೆ ಬಹಳ ವರ್ಷ ಮಕ್ಕಳಾಗದೆ, ಕಂಡ ಗುಡಿಗೆಲ್ಲ ಸುತ್ತಿ, ಕೊನೆಗೊಂದು ಗಂಡು ಕೂಸಾಗಿತ್ತು. ಹೊಟ್ಟೆಯ ಮೇಲೆ ಹರಿದಾಡುವ ಕೂಸು. ಅದೊಂದೇ.

ಆ ಬೇಸಿಗೆ ನಮ್ಮ ಬೀದಿಗೆ ದಾಕು ಹಾಕುವವನು ಬಂದ. ಸಿಡುಬು ಬರಬಾರದೆಂದು ಮಕ್ಕಳ ತೋಳಿಗೆ ಸಣ್ಣ ಚೂರಿಯಿಂದ ಗೀರಿ, ಅದರೊಳಗೆ ಒಂದು ತೊಟ್ಟು ರಸ ಸೇರಿಸುವುದು ಅವನ ಕೆಲಸ. ಸರ್ಕಾರದ ಸಂಬಳದವನು, ಆದೋನಿ ಕಡೆಯವನು. ಬೀದಿಯವರು ಅವನಿಗೆ ದಾಕಪ್ಪ ಎಂದು ಹೆಸರಿಟ್ಟಿದ್ದರು. ಅವನ ತಗಡಿನ ಡಬ್ಬಿ ಕಂಡರೆ ಸಾಕು, ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹಿತ್ತಲ ಬಾಗಿಲಿಂದ ಓಡುತ್ತಿದ್ದರು. ನಾನು ಓಡಲಿಲ್ಲ. ಧೈರ್ಯ ಅಂತಲ್ಲ. ಅಮ್ಮನಿಗೆ ಮಾಡುವುದನ್ನೆಲ್ಲ ಮಾಡಿ ಒಂದು ಸಲ ನೋಡಿದ್ದೆ, ಇದನ್ನೂ ಒಂದು ಸಲ ನೋಡೋಣ ಅನ್ನಿಸಿತು. ಅತ್ತೆ ಮನೆಯಲ್ಲಿರಲಿಲ್ಲ, ಕುರುಗೋಡಿನಲ್ಲಿ ನಾದಿನಿಯ ಬಾಣಂತನಕ್ಕೆ ಹೋಗಿದ್ದರು. ನಮ್ಮವರನ್ನು ಕೇಳಿದೆ. "ನಿನಗ ತಿಳಿದಂಗ ಮಾಡು, ನಮ್ಮವ್ವಗ ಮಾತ್ರ ನನ್ನ ಹೆಸರು ಹೇಳಬ್ಯಾಡ" ಎಂದು ಅಂಗಡಿಗೆ ಹೋದರು.

ಅತ್ತೆ ಕುರುಗೋಡಿನಿಂದ ಬರುವ ಹೊತ್ತಿಗೆ ಮಗಳ ತೋಳಿನ ಮೇಲೆ ಮೂರು ಗುಳ್ಳೆ ಎದ್ದು, ಮೈ ಬೆಚ್ಚಗಾಗಿತ್ತು. ಗಾಡಿಯಿಂದ ಇಳಿದವರೇ ಕೂಸಿನ ರವಿಕೆ ಸರಿಸಿ ನೋಡಿದರು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಬೈಯಲೇ ಇಲ್ಲ. ಕಾಲು ತೊಳೆದು ಬಂದು ಕೂಸಿಗೆ ಕೈಮುಗಿದರು. ಆಮೇಲೆ ಒಲೆಯ ಮೇಲಿದ್ದ ಒಗ್ಗರಣೆ ಸೌಟನ್ನು ತೆಗೆದು ಅಟ್ಟಕ್ಕೆ ಹಾಕಿದರು.

"ಅತ್ತಿ, ಅದು ಅಮ್ಮ ಅಲ್ರಿ. ದಾಕು ಹಾಕಿಸೀನಿ" ಅಂದೆ.

"ಜ್ವರ ಐತಿಲ್ಲೋ?"

"ಐತ್ರಿ."

"ಗುಳ್ಳಿ ಎದ್ದಾವಿಲ್ಲೋ?"

"ಎದ್ದಾವ್ರಿ."

"ಯಾರು ಕರದ್ರೇನು, ಬಂದಾಕಿ ಬಂದಾಕಿನೇ. ಹೋಗಿ ಬೇವಿನ ತಪ್ಪಲ ತಾ."

ಬಾಗಿಲಿಗೆ ಬೇವು ಏರಿತು. ಗುಮಾಸ್ತರ ಮನೆಯಾಕೆ ಅದನ್ನು ಕಂಡು ದೂರದಿಂದಲೇ ಕೈಮುಗಿದು ಹೋದಳು. ಅವರು ನಾಮ ಹಾಕುವ ಬ್ರಾಹ್ಮಣರು, ಬೀದಿಯ ತುದಿಯಲ್ಲಿದ್ದರು. ದಾಕಪ್ಪನನ್ನು ಬೀದಿಗೆ ಕರೆಸಿದ್ದೇ ಅವಳ ಗಂಡ.

ಮಾರನೆಯ ದಿನ ದಾಕಪ್ಪ ತೋಳು ನೋಡಲು ಬಂದ. ಅತ್ತೆ ಹೊಸ್ತಿಲ ಒಳಗೆ ಕೂತರು. ಅವನು ಹೊರಗೆ ಬಿಸಿಲಲ್ಲಿ ನಿಂತ. ನಾನು ಕೂಸನ್ನು ಎತ್ತಿಕೊಂಡು ಅತ್ತೆಯ ಹಿಂದೆ ನಿಂತಿದ್ದೆ. ಅವನು ಅಲ್ಲಿಂದಲೇ ಕತ್ತು ಚಾಚಿ ನೋಡಿ, "ದೇವುಡಾ, ದಾಕು ಹಿಡದೈತಿ" ಎಂದು ಕಟ್ಟೆಯ ಮೇಲೆ ಕುಸಿದು ಕೂತುಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತು. ಬೆವರೂ ಇರಬಹುದು.

ಸಂಗತಿ ಏನೆಂದರೆ, ಮದ್ರಾಸಿನಿಂದ ಗಾಜಿನ ನಳಿಕೆಯಲ್ಲಿ ಬಂದ ರಸ ನಮ್ಮ ಬಿಸಿಲಿಗೆ ಕೆಟ್ಟುಹೋಗಿತ್ತಂತೆ. ಅವನು ಪೇಟೆಯಲ್ಲಿ ಹಾಕಿದ ಮಕ್ಕಳಲ್ಲಿ ಬೇರೆ ಒಬ್ಬರಿಗೂ ಗುಳ್ಳೆ ಏಳಲಿಲ್ಲ, ನನ್ನ ಮಗಳೊಬ್ಬಳಿಗೇ ಎದ್ದಿತ್ತು. ಎಂಟನೇ ದಿನ ಆ ಗುಳ್ಳೆಯೊಳಗಿನ ತಿಳಿ ತೆಗೆದು ಬೇರೆ ಮಕ್ಕಳಿಗೆ ಹಾಕಬೇಕು. ಆ ದಿನ ದಾಟಿದರೆ ತಿಳಿ ಕದಡುತ್ತದೆ, ಕೆಲಸಕ್ಕೆ ಬರುವುದಿಲ್ಲ. ಆಗ ತೋಳಿಂದ ತೋಳಿಗೆ ಹಾಗೆಯೇ ದಾಟಿಸುತ್ತಿದ್ದರು. ಗುಮಾಸ್ತರಿಗೆ ಇದನ್ನು ಹೇಳಿದ್ದಕ್ಕೆ, ನಮ್ಮ ಮನೆಯ ಕೂಸಿನ ಮೈಯ ನೀರು ತಮ್ಮ ಮೊಮ್ಮಗನ ಮೈಗೆ ಬೇಡ, ಮದ್ರಾಸಿನ ನಳಿಕೆಯನ್ನೇ ಕಾಯುತ್ತೇವೆ ಅಂದರಂತೆ. ಇಂಗ್ಲೀಷು ಓದಿದವರು. ಕಾಯಲಿ ಅಂದುಕೊಂಡೆ.

"ಅದರಾಗ ಏನೈತಪಾ ಅಂಥಾದ್ದು?" ಎಂದು ಅತ್ತೆ ಕೇಳಿದರು.

"ಜೀವ ಐತ್ರಿ ಅವ್ವಾರ. ಒಂದು ಥರದ ಸಣ್ಣ ಜೀವ. ಅದು ಮೈಯಾಗ ಹೊಕ್ಕು ಕುಂತ್ರ ದೊಡ್ಡದು ಬರಂಗಿಲ್ಲ."

"ನೀ ಕಂಡೀಯೇನು ಅದನ್ನ?"

"ಇಲ್ರಿ."

"ನಿಮ್ಮ ದೊರಿ ಕಂಡಾನೇನು?"

"ದಂಡಿನ ಆಸ್ಪತ್ರಿಯಾಗ ಹಿತ್ತಾಳಿ ಕೊಳವಿ ಐತ್ರಿ, ಸಣ್ಣದನ್ನ ದೊಡ್ಡದು ಮಾಡಿ ತೋರಸ್ತೈತಿ. ಅದರಾಗೂ ಕಂಡಿಲ್ಲಂತ."

"ಮತ್ತ ಐತಿ ಅಂತ ಹೆಂಗ ಹೇಳ್ತಿ?"

ಅವನು ತಲೆ ಕೆರೆದುಕೊಂಡ. "ಅದು ಮಾಡೋ ಕೆಲಸ ನೋಡಿ ಹೇಳ್ತೀವ್ರಿ."

"ನಾನೂ ಹಂಗ ಹೇಳೋದು. ನೀ ಜೀವ ಅಂತಿ, ನಾ ಅಮ್ಮ ಅಂತೀನಿ. ನಿನಗ ಬಿಸಲಾಗ ನಿಂತು ಸಂಬಳ, ನನಗ ನೆರಳಾಗ ಕುಂತು ಪುಣ್ಯ. ಈಗ ಹೋಗು, ಅಮ್ಮ ಮನಗ್ಯಾಳ."

ಅವನು ಹೋಗಲಿಲ್ಲ. ಕಟ್ಟೆಯ ಮೇಲೆ ಕೂತೇ ಇದ್ದ. ಸಿರುಗುಪ್ಪದಲ್ಲಿ ಮನೆ ಮನೆಗೆ ಅಮ್ಮ ಹೊಕ್ಕಿದ್ದಾಳೆ, ಅಲ್ಲಿಗೆ ಒಯ್ಯಲು ತನ್ನ ಹತ್ತಿರ ಜೀವವಿರುವ ರಸ ಒಂದು ಹನಿಯೂ ಇಲ್ಲ, ಈ ಕೂಸನ್ನೇ ಗಾಡಿಯಲ್ಲಿ ಕರೆದೊಯ್ದರೆ ಅಲ್ಲಿ ಕೆಲವು ಮಕ್ಕಳಿಗೆ ಹಾಕಬಹುದು ಎಂದ. ಸಿರುಗುಪ್ಪ ಎಂದದ್ದೇ ನನಗೆ ತಂಗಿಯ ಕೂಸಿನ ನೆನಪಾಯಿತು. ಸಂಜೆ ಭತ್ತದ ಗಾಡಿಯವರ ಕೈಲಿ ತಂಗಿ ಹೇಳಿ ಕಳಿಸಿದ ಮಾತೂ ಬಂತು. ಪಕ್ಕದ ಮನೆಗೇ ಬಂದಿದೆ, ಏನು ಮಾಡಲಿ ಅಕ್ಕಾ ಎಂದು ಕೇಳಿದ್ದಳು.

ನಾನು ಅತ್ತೆಯ ಮುಂದೆ ಕೂತು, ಕೂಸನ್ನು ಕರೆದುಕೊಂಡು ಹೋಗುತ್ತೇನೆ ಅಂದೆ.

"ಬಂದ ಅಮ್ಮನ್ನ ಎಬ್ಬಿಸಿ ಹಾದಿಗೆ ಹಚ್ಚತೀಯೇನು? ಸಿಟ್ಟಿಗೇಳ್ತಾಳ. ನಿನ್ನ ಕೂಸಿಗೂ ಕೇಡು, ಅಕಿ ಕೂಸಿಗೂ ಕೇಡು."

"ಹೋದ ಸಲ ಎಬ್ಬಿಸಲಿಲ್ಲ. ಒಗ್ಗರಣಿ ಹಾಕಲಿಲ್ಲ, ತಲಿ ಬಾಚಲಿಲ್ಲ. ಏನಾತ್ರಿ?"

ಆ ಮೊಮ್ಮಗನನ್ನು ಹಗಲೆಲ್ಲ ಎತ್ತಿಕೊಂಡು ತಿರುಗಿದವರು ಅತ್ತೆಯೇ. ನನಗೆ ಅವರನ್ನು ನೋಯಿಸುವ ಮನಸ್ಸಿರಲಿಲ್ಲ, ನೋಯಿಸದೆ ದಾರಿಯೂ ಇರಲಿಲ್ಲ.

ಆಗ ನಾನು ಹಾಲಿಗೆ ಹೆಪ್ಪು ಹಾಕುವ ಹೊತ್ತು. ಕೈ ಗಡಿಗೆಯಲ್ಲಿತ್ತು, ಮಾತು ಅಲ್ಲಿಂದಲೇ ಬಂತು.

"ಅತ್ತಿ, ಮಗ್ಗಲ ಮನಿಯಾಕಿ ಹೆಪ್ಪು ಕೇಳಾಕ ಬಂದ್ರ ಒಂದು ಚೂರು ಕೊಡ್ತೀವಿ. ಅಷ್ಟಕ್ಕ ನಮ್ಮ ಗಡಿಗಿ ಮೊಸರು ಎದ್ದು ಹೋಗ್ತೈತೇನು? ನಮ್ಮದು ನಮ್ಮಲ್ಲೇ ಇರ್ತೈತಿ, ಅಕಿ ಹಾಲೂ ಮೊಸರಾಗ್ತೈತಿ. ಅಮ್ಮನ್ನ ಎಬ್ಬಸೂದಲ್ರಿ ಇದು. ಹೆಪ್ಪು ಕೊಡೂದು."

ಅವರು ಗಡಿಗೆಯೊಳಗೆ ಬಗ್ಗಿ ನೋಡಿದರು. ಬೆಳಿಗ್ಗೆ ದಾಕಪ್ಪ ಬರುವುದನ್ನೇ ಕಾಯುತ್ತಿದ್ದು, ಅವನು ಕಟ್ಟೆ ಹತ್ತುವ ಮೊದಲೇ ಕೇಳಿದರು.

"ಏನಪಾ, ಇದು ಹೆಪ್ಪಿನಂಗ ಏನು?"

ಅವನು ನನ್ನ ಮುಖ ನೋಡಿದ. ಚುರುಕು ಮನುಷ್ಯ, ತಕ್ಷಣ ತಿಳಿದುಕೊಂಡ. "ಹೆಪ್ಪೇರಿ ಅವ್ವಾರ. ಅದಕ್ಕ ನಾ ಅವಸರ ಮಾಡೋದು. ಹೊತ್ತು ಮೀರಿದ್ರ ಹುಳಿ ಆಗ್ತೈತಿ."

"ಮತ್ತ ಒಂದು ಬಟ್ಟಲದಾಗ ತಗೊಂಡು ಹೋಗು."

"ಬಿಸಲಿಗೆ ಕೆಡ್ತೈತ್ರಿ. ಗಡಿಗಿನೇ ಒಯ್ಯಬೇಕು."

ಗಡಿಗೆ ಅಂದರೆ ನನ್ನ ಮಗಳು. ಅವಳು ಅಂಗಳದಲ್ಲಿ ಮಣ್ಣು ತಿನ್ನುತ್ತ ಕೂತಿದ್ದಳು.

ಅತ್ತೆ ಒಪ್ಪಿದರು, ಆದರೆ ತಾವೂ ಬರುತ್ತೇವೆ ಅಂದರು. ಹೊರಡುವ ಮೊದಲು ಕೂಸನ್ನು ಮಣೆಯ ಮೇಲೆ ಕೂರಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಾಡುವಂತೆ ಅವಳ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿದರು. ಇಷ್ಟು ಮಾಡಿ ಕಳಿಸಿದರೆ ಅಮ್ಮ ಸಂತೋಷದಿಂದ ಹೊರಡುತ್ತಾಳಂತೆ. ಮಗಳು ಕೊಬ್ಬರಿಯನ್ನು ಅಲ್ಲಿಯೇ ಕಡಿಯತೊಡಗಿದಳು. ನಮ್ಮವರು ಎತ್ತು ಹೂಡಿ ಗಾಡಿ ಹೊಡೆಯಲು ಮುಂದೆ ಕೂತರು. ಅತ್ತೆ ಗಾಡಿಯ ಕಮಾನಿಗೆಲ್ಲ ಬೇವು ಕಟ್ಟಿದರು, ತಾವು ಒಳಗೆ ಕೂತರು. ಸರ್ಕಾರದ ನೌಕರ ಗಾಡಿಯ ಹಿಂದೆ ನಡೆದ.

ಆ ರಾತ್ರಿ ಕುರುಗೋಡಿನಲ್ಲಿ ನಾದಿನಿಯ ಮನೆಯ ಹೊರಗೆ ಗಾಡಿಯಲ್ಲೇ ಮಲಗಿದೆವು. ಒಳಗೆ ಬಾಣಂತಿ ಇದ್ದಳು. ಮಾರನೆಯ ದಿನವೇ ಎಂಟನೆಯದು. ಬೆಳಕು ಹರಿಯುವ ಮೊದಲೇ ಹೊರಟೆವು, ಮಧ್ಯಾಹ್ನಕ್ಕೆಲ್ಲ ಸಿರುಗುಪ್ಪ ಮುಟ್ಟಬಹುದಿತ್ತು. ಸಿರಿಗೇರಿ ನಮ್ಮನ್ನು ತಡೆಯಿತು.

ಬೇವು ಕಟ್ಟಿದ ಗಾಡಿ ಕಂಡದ್ದೇ ಹೊಲದಲ್ಲಿದ್ದ ಹೆಂಗಸೊಬ್ಬಳು ಊರೊಳಗೆ ಓಡಿದಳು. ಊರೇ ಬಂತು. ಗಾಲಿಗೆ ನೀರು ಸುರಿದರು, ಎತ್ತಿನ ಕಾಲಿಗೆ ನೀರು ಸುರಿದರು, ಕೂಸಿನ ಉಡಿಗೆ ಅಕ್ಕಿ ಹಾಕಲು ಸಾಲು ನಿಂತರು. ಯಾವ ಅಮ್ಮ, ಎಲ್ಲಿಗೆ ಹೊರಟಿದ್ದಾಳೆ ಎಂದು ಕೇಳಿದರು. ಅತ್ತೆಯ ಗತ್ತು ನೋಡಬೇಕಿತ್ತು. "ಇಕಿ ಸಣ್ಣಾಕಿ. ಇಕಿ ಬಂದು ಹೋದ ಮನಿಗೆ ದೊಡ್ಡಾಕಿ ಬರಂಗಿಲ್ಲ. ಸಿರುಗುಪ್ಪಕ್ಕ ಹೊಂಟಾಳ" ಎಂದರು. ಹಾಗೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ದಾಕಪ್ಪ ಮೊದಲು ಹಲ್ಲು ಕಡಿಯುತ್ತಿದ್ದ. ಹೋದ ವರ್ಷ ಇದೇ ಊರಿನವರು ಅವನ ಮೇಲೆ ನಾಯಿ ಬಿಟ್ಟಿದ್ದರಂತೆ. ಈಗ ಅವರೇ ಗಾಡಿಯ ಮುಂದೆ ಅಡ್ಡ ಬೀಳುತ್ತಿದ್ದಾರೆ. ಒಬ್ಬ ಮುದುಕ, "ನಮ್ಮ ಊರಿಗೂ ಅಮ್ಮನ್ನ ಕಳಸ್ರಿ" ಎಂದು ಅತ್ತೆಯನ್ನು ಬೇಡಿದ. ದಾಕಪ್ಪ ಮೆಲ್ಲಗೆ, "ಮುಂದಿನ ವಾರ ಕೂಸುಗಳನ್ನ ಕರಕೊಂಡು ಸಿರುಗುಪ್ಪಕ್ಕ ಬರ್ರಿ, ಅಲ್ಲಿ ಸಿಗ್ತಾಳ" ಎಂದ. ಸುಳ್ಳು ಹೇಳಿದೆನೇನೋ ಎನ್ನುವಂತೆ ನನ್ನ ಕಡೆ ನೋಡಿದ. ನನಗೆ ಅದು ಸುಳ್ಳು ಅನ್ನಿಸಲಿಲ್ಲ. ಹೆಪ್ಪು ಎಂದು ಮೊದಲು ಹೇಳಿದವಳು ನಾನೇ ಅಲ್ಲವೇ.

ಹೀಗೆ ಹೊತ್ತು ಹೋಯಿತು. ಸಿರುಗುಪ್ಪದಲ್ಲಿ ತಂಗಿಯ ಓಣಿ ಹೊಕ್ಕಾಗ ಸೂರ್ಯ ಮುಳುಗುತ್ತಿದ್ದ. ಆ ಓಣಿಯಲ್ಲಿ ಬಾಗಿಲು ಬಾಗಿಲಿಗೆ ಬೇವು ಇತ್ತು. ತಂಗಿಯ ಬಾಗಿಲಿಗೆ ಇನ್ನೂ ಇರಲಿಲ್ಲ. ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು, ಮುಖ ಒಣಗಿ ಹೋಗಿತ್ತು. ದಾಕಪ್ಪ ಕಟ್ಟೆಯ ಮೇಲೆ ಡಬ್ಬಿ ಬಿಚ್ಚಿದ. ನಾನು ಮಗಳ ತೋಳಿನ ಬಟ್ಟೆ ಸರಿಸಿದೆ.

ಅತ್ತೆ ಗಾಡಿಯಿಂದ ಇಳಿದು ಪಡುವಣ ನೋಡಿ, "ಇವತ್ತ ಬ್ಯಾಡ" ಅಂದರು.

"ಯಾಕ್ರಿ?"

"ಹೊತ್ತು ಮುಳುಗೇತಿ. ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡ್ತಾರೇನು ಯಾರರ?"

ಕೊಡುವುದಿಲ್ಲ. ಹಾಲು, ಮೊಸರು, ಹೆಪ್ಪು, ದೀಪ ಹಚ್ಚಿದ ಮೇಲೆ ಯಾವ ಮನೆಯಿಂದಲೂ ಹೊರಗೆ ಹೋಗುವುದಿಲ್ಲ, ಲಕ್ಷ್ಮಿ ಹೋಗುತ್ತಾಳೆ ಎಂದು. ಈಗಲೂ ನಮ್ಮ ಕಡೆ ಹಾಗೆಯೇ. ನಾನೇ ಕಟ್ಟಿದ ಮಾತು ನನ್ನ ಕಾಲಿಗೇ ತೊಡರಿಕೊಂಡಿತು.

"ಅತ್ತಿ, ನಾ ಮಾತಿಗೆ ಹೆಪ್ಪು ಅಂದೆ."

"ಮಾತಿಗೆ ಅಂದ್ಯೋ? ನೀ ಮಾತಿಗೆ ಅಂದಿದ್ರ ನಾ ಮನಿ ಬಿಟ್ಟು ಇಲ್ಲಿಗೆ ಬರ್ತಿದ್ದಿಲ್ಲ. ಹೆಪ್ಪು ಅಂದ್ರ ಹೆಪ್ಪೇ. ಬೆಳಗಾಗಲಿ."

"ಬೆಳಗಿನತನ ಇರಂಗಿಲ್ರಿ ಅವ್ವಾರ" ಎಂದು ದಾಕಪ್ಪ ಕೂಸಿನ ತೋಳನ್ನು ಅವರ ಕಣ್ಣಿಗೆ ಹಿಡಿದ. "ನೋಡ್ರಿ, ಈಗ ಕದಡಾಕ ಹತ್ತೇತಿ. ಬೆಳಗಾದ್ರ ಹುಳಿ."

ಅತ್ತೆ ತೋಳು ನೋಡಿದರು, ತಂಗಿಯ ಕೂಸನ್ನೂ ನೋಡಿದರು. ಕೂಸು ನಕ್ಕಿತು. ಯಾರನ್ನು ಕಂಡರೂ ನಗುವ ಕೂಸು ಅದು. ನಾನು ಇನ್ನು ಕಾಲು ಹಿಡಿಯಬೇಕೋ ಜಗಳ ಮಾಡಬೇಕೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ತಂಗಿ, ದಿನದ ರೂಢಿಯಂತೆ, ಒಲೆಯಿಂದ ಉರಿಯುವ ಕಡ್ಡಿ ತಂದು ಬಾಗಿಲ ಗೂಡಿನ ಹಣತೆಗೆ ಹಿಡಿಯಲು ಹೋದಳು.

"ಏ ಹುಡುಗಿ, ದೀಪ ಹಚ್ಚೀಯೇನು?" ಎಂದು ಅತ್ತೆ ಕೇಳಿದರು.

"ಇಲ್ರಿ, ಈಗ ಹಚ್ಚಾಕತ್ತಿದ್ದೆ."

"ಮತ್ತ ಯಾಕ ಹಚ್ಚತಿ? ಆ ಕಡ್ಡಿ ಒಲಿಗೆ ಹಾಕು."

ದಾಕಪ್ಪನಿಗೆ ಬುದ್ಧಿ ಕೈಕೊಟ್ಟಿತು. "ಮಗ್ಗಲ ಮನಿಯವರು ಹಚ್ಯಾರಲ್ರಿ" ಎಂದ.

"ಅವರ ದೀಪ ಅವರಿಗೆ. ಈ ಮನಿ ದೀಪ ಹಚ್ಚಿಲ್ಲ. ಈ ಮನಿಗೆ ಇನ್ನೂ ಹಗಲ ಐತಿ. ಸುಮ್ನ ನಿನ್ನ ಕೆಲಸ ಮಾಡು ತಮ್ಮಾ, ಮತ್ತ ಮಾತಾಡಿದ್ರ ಖರೇನ ಕತ್ತಲಾಗ್ತೈತಿ."

ಹೊಸ್ತಿಲಿನ ಮೇಲೆ, ಉಳಿದ ಕೆಂಪು ಬೆಳಕಿಗೆ ಮುಖ ಮಾಡಿ ಇಬ್ಬರೂ ಮಕ್ಕಳನ್ನು ಹಿಡಿದುಕೊಂಡು ಕೂತೆವು. ಗುಳ್ಳೆ ಒಡೆದಾಗ ನನ್ನ ಮಗಳು ನನ್ನ ಕೈ ಕಚ್ಚಿದಳು. ತಂಗಿಯ ಕೂಸು ಅಳಲು ಮರೆತು ಚೂರಿಯ ಹೊಳಪನ್ನೇ ನೋಡಿತು, ಆಮೇಲೆ ನೆನಪಾಗಿ ಅತ್ತಿತು. ಓಣಿಯ ಇನ್ನೂ ಎರಡು ಮನೆಯವರು, ಬೇವು ಕಟ್ಟದವರು, ಮಕ್ಕಳನ್ನು ತಂದರು. ಅತ್ತೆ ಅವರನ್ನು ಮೊದಲು ಕೇಳಿದ್ದು, ಮನೆಯಲ್ಲಿ ದೀಪ ಹಚ್ಚಿ ಬಂದಿರೋ ಹಾಗೇ ಬಂದಿರೋ ಎಂದು. ಹಾಗೇ ಬಂದಿದ್ದರಂತೆ. ಎಲ್ಲ ಮುಗಿದಾಗ ದಾಕಪ್ಪ ತನ್ನ ಬೆರಳನ್ನೇ ಗುರುತಿಸಲಾರದಷ್ಟು ಕತ್ತಲೆಯಾಗಿತ್ತು. ಆಗ ಅತ್ತೆ, "ಹಚ್ಚು ಈಗ" ಅಂದರು.

ನಮ್ಮವರು ಅಂಗಡಿಗೆ ಮರಳಿದರು, ನಾನೂ ಅತ್ತೆಯೂ ಸಿರುಗುಪ್ಪದಲ್ಲೇ ಉಳಿದೆವು. ಗೀರಿದ ಜಾಗದಲ್ಲಿ ಗುಳ್ಳೆ ಏಳುವ ತನಕ ತಂಗಿ ಕೂಸಿನ ತೋಳನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಎದ್ದಿತು. ಅತ್ತೆ ತಾವೇ ಬೇವು ಕಟ್ಟಿದರು. ಆ ವಾರದಲ್ಲೇ ತಂಗಿಯ ಗಂಡನಿಗೆ ದೊಡ್ಡ ಅಮ್ಮ ಬಂದಳು. ಅವನಿಗೆ ದಾಕು ಹಾಕಿಸುವುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ, ದಾಕು ಎಂದರೆ ಮಕ್ಕಳಿಗೆ ಎಂದುಕೊಂಡಿದ್ದೆವು. ಮನುಷ್ಯ ಉಳಿದ, ಮುಖ ಮಾತ್ರ ತೂತು ತೂತಾಯಿತು. ಒಂದೇ ಕೋಣೆ, ಕೂಸು ಅವನ ಪಕ್ಕದಲ್ಲೇ ಹರಿದಾಡಿತು. ಅದಕ್ಕೆ ಏನೂ ಆಗಲಿಲ್ಲ. ಇದನ್ನು ನನ್ನ ಕಣ್ಣಿಂದ ಕಂಡಿದ್ದೇನೆ. ಹೇಗೆ ಎಂದು ಆಗಲೂ ತಿಳಿಯಲಿಲ್ಲ, ಈಗ ಓದಿದವರು ಹೇಳಿದರೂ ಅರ್ಧವೇ ತಿಳಿಯುತ್ತದೆ. ಅಮ್ಮನನ್ನು ನಾನು ಬಿಟ್ಟವಳಲ್ಲ, ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ನನ್ನ ಮಗಳ ತೋಳಿನ ಮೇಲೆ ಅತ್ತೆ ಕಂಡದ್ದು ದೇವರು, ದಾಕಪ್ಪ ಕಂಡದ್ದು ಜೀವ, ನಾನು ಕಂಡದ್ದು ಹೆಪ್ಪು. ಮೂವರೂ ಕಣ್ಣಿಗೆ ಕಾಣದ್ದನ್ನೇ ಕಂಡೆವು. ಯಾರಾದರೊಬ್ಬರು ಕಾಣದೆ ಹೋಗಿದ್ದರೆ ಗಾಡಿ ಬಳ್ಳಾರಿ ಬಿಡುತ್ತಿರಲಿಲ್ಲ.

ಹೇಳಿದ ದಿನಕ್ಕೆ ಸಿರಿಗೇರಿಯಿಂದ ಗಾಡಿ ತುಂಬ ಮಕ್ಕಳು ಬಂದವು. ದಾಕಪ್ಪ ತಂಗಿಯ ಕೂಸಿನ ತೋಳಿಂದ, ಓಣಿಯ ಆ ಎರಡು ಮಕ್ಕಳ ತೋಳಿಂದ ತೆಗೆದು ತೆಗೆದು ಹಾಕಿದ. ಮಧ್ಯಾಹ್ನ ಕೈ ತೊಳೆದು ಕಟ್ಟೆಯ ಮೇಲೆ ಕೂತಾಗ ಅತ್ತೆ ಅವನಿಗೆ ಒಂದು ಚೆಂಬು ಮಜ್ಜಿಗೆ ಕೊಟ್ಟರು. ಅದರಲ್ಲಿ ಒಗ್ಗರಣೆ ಇರಲಿಲ್ಲ.

ಅವನು ಕುಡಿಯುವುದನ್ನೇ ನೋಡುತ್ತ, "ತಮ್ಮಾ, ವಾಂತಿ ಭೇದಿಗೂ ಇಂಥಾದ್ದೊಂದು ಐತೇನು?" ಎಂದು ಕೇಳಿದರು.

"ಇನ್ನೂ ಇಲ್ರಿ ಅವ್ವಾರ."

"ಬಾಣಂತಿ ಜ್ವರಕ್ಕ?"

"ಇಲ್ರಿ."

"ನಿಮ್ಮ ದೊರಿಗೆ ಹೇಳು, ಹುಡುಕಾಕ. ಸುಮ್ನ ಕೊಳವಿ ಹಿಡಕೊಂಡು ಕುಂತ್ರ ಆಗಂಗಿಲ್ಲ. ಇರ್ತೈತಿ ಎಲ್ಲೋ."

ದಾಕಪ್ಪ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಮಜ್ಜಿಗೆ ಮುಗಿಸಿ, ಚೆಂಬನ್ನು ಕೆಳಗಿಟ್ಟು, "ಹೇಳ್ತೀನ್ರಿ" ಎಂದ.